ಕೆರೆಯ ನಕ್ಷೆಯೊಳಗೆ ಆಪಾನ ಕಲ್ಲು

ಬೆಳಿಗ್ಗೆ ಎದ್ದು ಹಾಸಿಗೆ ಮಡಚಿ, ಬಿಳಿ ಸೀರೆಯ ನಿರಿಗೆ ಸರಿಮಾಡಿಕೊಂಡು ನಾನು ಮನೆ ಬಿಡುವ ಹೊತ್ತಿಗೆ ಬೆಟಗೇರಿಯ ನಮ್ಮ ಓಣಿಯಲ್ಲಿ ಒಂದು ಮಗ್ಗವೂ ಸದ್ದು ಮಾಡಿರುವುದಿಲ್ಲ. ನಾನು ಹೈಸ್ಕೂಲಿನಲ್ಲಿ ಮಕ್ಕಳಿಗೆ ಡ್ರಿಲ್ ಕಲಿಸಿದ ಟೀಚರು, ಓಣಿಗೆಲ್ಲ ‘ಅಕ್ಕೋರು’. ನಿವೃತ್ತಿಯಾಗಿ ಬಹಳ ವರ್ಷಗಳಾದರೂ ಬಿಳಿ ಸೀರೆ ಬಿಟ್ಟಿಲ್ಲ, ಕೊರಳಿನ ಶೀಟಿ ಬಿಟ್ಟಿಲ್ಲ, ಬೆಳಗಿನ ನಡಿಗೆಯ ದಾರಿಯನ್ನೂ ಬಿಟ್ಟಿರಲಿಲ್ಲ. ಓಣಿ ದಾಟಿ, ಬಣ್ಣದ ಮನೆಯ ಹಿತ್ತಲ ಪಕ್ಕದಿಂದ ಕೆರೆಯ ಏರಿ ಹತ್ತಿ, ಒಂದು ಸುತ್ತು ಹಾಕಿ, ಅದೇ ದಾರಿಯಿಂದ ಹಿಂದಕ್ಕೆ. ನಮ್ಮ ಮನೆಯವರು ಗಡಿಯಾರಕ್ಕೆ ಕೀಲಿ ಕೊಡುವುದನ್ನೇ ನಿಲ್ಲಿಸಿದ್ದರು. ನಾನು ಬಾಗಿಲು ತೆಗೆದಾಗ ಒಂದು ಹೊತ್ತು, ಚಪ್ಪಲಿ ಕಳಚಿದಾಗ ಇನ್ನೊಂದು ಹೊತ್ತು. ಅವರಿಗೆ ಅಷ್ಟು ಸಾಕಾಗಿತ್ತು.

ಆ ದಾರಿಯಲ್ಲಿ ನಾನು ನಿಲ್ಲುತ್ತಿದ್ದದ್ದು ಒಂದೇ ಕಡೆ. ಓಣಿಯ ಗಟಾರ ಕೆರೆಗೆ ಬೀಳುವ ಮೂಲೆಯಿಂದ ಸ್ವಲ್ಪ ಆಚೆ, ನೀರಿನಲ್ಲಿ ಅರ್ಧ ಮುಳುಗಿದ ಒಂದು ಚಪ್ಪಟೆ ಕಲ್ಲಿತ್ತು. ಅದರ ಮೇಲೆ ಸೀರೆ ಎತ್ತಿ ಕಟ್ಟಿಕೊಂಡು ಆಪಾ ನಿಂತಿರುತ್ತಿದ್ದಳು. ಆಪಾ ಎಂದರೆ ಅಕ್ಕ. ನನಗಿಂತ ಸ್ವಲ್ಪ ದೊಡ್ಡವಳು. ಲಕ್ಷ್ಮೇಶ್ವರದಿಂದ ಬಣ್ಣದ ಮನೆಗೆ ಸೊಸೆಯಾಗಿ ಬಂದವಳು. ಗಂಡ ಹಂಡೆಯಲ್ಲಿ ನೂಲಿಗೆ ಬಣ್ಣ ಕುದಿಸುತ್ತಾರೆ, ಇವಳು ಆ ನೂಲಿನ ಕಟ್ಟುಗಳನ್ನು, ಎಂದರೆ ಲಡಿಗಳನ್ನು, ಕೆರೆಯಲ್ಲಿ ಅಲುಬಿ ಹೆಚ್ಚಿನ ಬಣ್ಣ ತೆಗೆಯುತ್ತಾಳೆ. ಓಣಿಯ ನೇಕಾರರ ಸೀರೆಗಳಿಗೆ ಅಂಚಿನ ಬಣ್ಣ ಬರುವುದು ಆ ಮನೆಯಿಂದಲೇ.

ಅವರ ಕೆಲಸಕ್ಕೊಂದು ಕ್ರಮವಿತ್ತು. ವಾರದ ಮೊದಲಿಗೆ ಹಳದಿ, ಆಮೇಲೆ ಕೇಸರಿ, ಕೆಂಪು, ಕುಂಕುಮ, ಕಡೆಗೆ ಶನಿವಾರ ಕಪ್ಪು. ಶುಕ್ರವಾರ ಒಲೆ ಹಚ್ಚುವುದಿಲ್ಲ. ತಿಳಿ ಬಣ್ಣದಿಂದ ಗಾಢ ಬಣ್ಣಕ್ಕೆ ಹೋಗಬೇಕು, ಉಲ್ಟಾ ಹೋದರೆ ಹಂಡೆಯಲ್ಲಿ ಉಳಿದ ಕಪ್ಪು ಹಳದಿಯನ್ನು ಕೆಡಿಸುತ್ತದೆ. ಹೀಗಾಗಿ ನಮ್ಮ ಓಣಿಯಲ್ಲಿ ಪಂಚಾಂಗ ನೋಡುವವರು ಕಡಿಮೆ. ಗಟಾರದಲ್ಲಿ ಹಳದಿ ಹರಿದರೆ ಸೋಮವಾರ. ಕಪ್ಪು ಹರಿದರೆ, ಮಕ್ಕಳೇ, ನಾಳೆ ಸಾಲಿ ಸೂಟಿ.

ನಾನು ಏರಿಯ ಮೇಲೆ, ಅವಳು ಕಲ್ಲಿನ ಮೇಲೆ. ನಮ್ಮ ಮಾತುಗಳೆಲ್ಲ ಅಲ್ಲೇ ಆಗಿವೆ. ಅವಳ ಮಗಳ ಬಾಣಂತನ, ನಮ್ಮ ಮನೆಯವರ ಮೊಣಕಾಲು, ಯಾರ ಮನೆಯ ಉಪ್ಪಿನಕಾಯಿ ಬೂಸ್ಟು ಹಿಡಿಯಿತು, ಎಲ್ಲ. ರೋಜಾ ತಿಂಗಳಲ್ಲಿ ಅವಳು ಉಪವಾಸವಿದ್ದಾಗ ನಾನು ಊಟದ ಸುದ್ದಿ ತೆಗೆಯುತ್ತಿರಲಿಲ್ಲ. ಅವಳೇ ತೆಗೆಯುತ್ತಿದ್ದಳು.

ಚಳಿಗಾಲ ಬಂತೆಂದರೆ ಆಕಾಶದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಸಾಲು ಕಟ್ಟಿ ಹಾದುಹೋಗುತ್ತವೆ. ದೂರದ ಹಿಮದ ನಾಡಿನಿಂದ ಬಂದು, ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯಲ್ಲಿ ಇಳಿಯುವ ಹಕ್ಕಿಗಳು. ನಮ್ಮ ಕೆರೆಯ ಮೇಲಿಂದಲೇ ಹೋಗುತ್ತವೆ, ಕೆಳಗೆ ನೋಡುವುದೂ ಇಲ್ಲ. ಅವು ಕಂಡಾಗಲೆಲ್ಲ ಆಪಾ ಲಡಿ ಹಿಂಡುವುದನ್ನು ನಿಲ್ಲಿಸಿ ಕೂಗುತ್ತಿದ್ದಳು.

“ಅಕ್ಕೋರ, ನಿನ್ನ ಹುಡುಗ್ರು ಹೊಂಟಾರ ನೋಡ. ಸಾಲು ಸರಿ ಐತೇನು?”

“ಬಲಗಡಿಯಂವ ಸ್ವಲ್ಪ ಹಿಂದ ಉಳದಾನ.”

“ಶೀಟಿ ಹೊಡಿ ಮತ್ತ!”

ಹೊಡೆಯುತ್ತಿರಲಿಲ್ಲ ಅನ್ನಿ. ಆದರೆ ಕೈ ಶೀಟಿಯ ಮೇಲೆ ಹೋಗುತ್ತಿತ್ತು.

ಕೆರೆಯ ವಿಷಯ ಹೇಳಬೇಕು. ನಾನು ಮದುವೆಯಾಗಿ ಬಂದಾಗ ಅದರಲ್ಲಿ ತಳ ಕಾಣುತ್ತಿತ್ತು. ಬರಬರುತ್ತ ಊರು ಬೆಳೆಯಿತು, ಮನೆ ಮನೆಗೆ ಪಾಯಖಾನೆ ಆದವು, ಅವುಗಳ ನೀರೆಲ್ಲ ಗಟಾರ ಹಿಡಿದು ಇಲ್ಲಿಗೆ ಬಂತು. ಅಂತರಗಂಗೆ ಹಬ್ಬಿ ಅರ್ಧ ಕೆರೆ ಹಸಿರು ಚಾಪೆ ಹಾಸಿದಂತಾಯಿತು. ಬೇಸಿಗೆಯಲ್ಲಿ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ನಾವಿಬ್ಬರೂ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಮಾತಾಡಲು ಕಲಿತೆವು. ದಾರಿ ಬದಲಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ನನಗೆ ಹಾಗೆ ಅನ್ನಿಸಲೇ ಇಲ್ಲ.

ಒಂದು ದಿನ ನಮ್ಮ ವಾರ್ಡಿನ ಸದಸ್ಯ ಮನೆಗೆ ಬಂದ. ನನ್ನ ಹಳೆಯ ವಿದ್ಯಾರ್ಥಿ. ಆಗ ಸಾಲಿನಲ್ಲಿ ಕೊನೆಗೆ ನಿಲ್ಲುತ್ತಿದ್ದ, ಈಗ ಹೊಟ್ಟೆ ಮುಂದೆ ಬಂದಿದೆ. ಕುರ್ಚಿ ತೋರಿಸಿದರೂ ಕೂಡಲಿಲ್ಲ.

“ಅಕ್ಕೋರ, ಕೆರಿ ಸುಧಾರಿಸೋ ಯೋಜನೆ ಬಂದೈತ್ರಿ. ಓಣಿಯವರದ್ದೊಂದು ಸಮಿತಿ ಮಾಡಬೇಕಂತ. ನೀವ ಕಾರ್ಯದರ್ಶಿ ಆಗಬೇಕ್ರಿ.”

“ನನಗ ಕೆರಿ ಬಗ್ಗೆ ಏನು ಗೊತ್ತೈತೋ?”

“ಕೆರಿ ಬಗ್ಗೆ ಗೊತ್ತಿದ್ದವರು ಬೇರೆ ಬರ್ತಾರ್ರಿ. ಮಂದಿ ಹೊತ್ತಿಗೆ ಸರಿಯಾಗಿ ಬರಬೇಕಂದ್ರ ನೀವ ಆಗಬೇಕು. ನೀವು ಕರದ್ರ ಇವತ್ತಿಗೂ ನಾವು ಓಡಿ ಬರ್ತೇವಿ.”

ಒಪ್ಪಿಕೊಂಡೆ. ಮೊದಲ ಸಭೆಗೆ ತಡವಾಗಿ ಬಂದವರನ್ನು ಬಾಗಿಲ ಹತ್ತಿರ ನಿಲ್ಲಿಸಿದೆ. ಎರಡನೆಯ ಸಭೆಗೆ ಯಾರೂ ತಡಮಾಡಲಿಲ್ಲ.

ಕೆರೆ ಬಲ್ಲವಳೆಂದು ಬಂದದ್ದು ಧಾರವಾಡದ ಒಬ್ಬ ಹೆಣ್ಣುಮಗಳು. ಸಿಹಿನೀರಿನ ಕೆರೆಗಳನ್ನೇ ಓದಿದವಳು, ಸದಾ ಕಾಲಿಗೆ ರಬ್ಬರಿನ ಬೂಟು. ಆಪಾ ಅವಳನ್ನು ನೋಡಿದ ದಿನವೇ ‘ಕೆರಿ ಡಾಕ್ಟರ್’ ಎಂದು ಕರೆದಳು. ಅದೇ ಉಳಿಯಿತು. ಅವಳು ಸಭೆಯಲ್ಲಿ ಎಲ್ಲರನ್ನೂ ಕೇಳಿದಳು, “ನಿಮಗ ಎಂಥಾ ಕೆರಿ ಬೇಕ್ರಿ?”

ಕಿರಾಣಿ ಸಾವಕಾರರು ಮೊದಲೇ ಎದ್ದರು. ಅವರ ಅಂಗಡಿ ಕೆರೆಗೆ ಎದುರಾಗಿದೆ.

“ನಡುವ ಒಂದು ಕಾರಂಜಿ. ಅದಕ್ಕ ಬಣ್ಣದ ಲೈಟು. ಸುತ್ತ ಕಲ್ಲಿನ ಗೋಡಿ. ಎರಡು ದೋಣಿ. ಒಂದು ಬಾತುಕೋಳಿ ಆಕಾರದ್ದಿರಲಿ.”

“ಸಾವಕಾರ್ರ, ಆ ನೀರಾಗ ದೋಣ್ಯಾಗ ನೀವು ಕುಂಡರ್ತೀರೇನ್ರಿ?” ಎಂದು ಹಿಂದಿನಿಂದ ಯಾರೋ ಕೇಳಿದರು.

“ನಾ ಯಾಕ ಕುಂಡರ್ಲಿ? ಟಿಕೀಟು ಕೊಡಾಂವ ನಾನು!”

ಕೆರೆ ಡಾಕ್ಟರ್ ನಕ್ಕಳು, ಆದರೆ ಬಿಡಲಿಲ್ಲ. ಹೊಲಸು ನೀರು ಒಳಗೆ ಬರುವುದು ನಿಲ್ಲದೆ ಮೇಲೆ ಏನು ಕಟ್ಟಿದರೂ ವ್ಯರ್ಥ ಎಂದಳು. ಮೊದಲು ಗಟಾರದ ನೀರನ್ನು ತಡೆದು ಪೈಪಿಗೆ ತಿರುಗಿಸಬೇಕು. ಮಳೆಯಲ್ಲಿ ಹರಿದು ಬರುವ ನೀರು ಆ ಮೂಲೆಯಲ್ಲಿ ಜೊಂಡುಹುಲ್ಲಿನ ನಡುವೆ ನಿಧಾನವಾಗಿ ಸಾಗಿ ಬರಬೇಕು, ಬೇರುಗಳು ಅದರ ಕೊಳೆ ತಿನ್ನುತ್ತವೆ. ಅಂತರಗಂಗೆ ತೆಗೆಯಬೇಕು. ದಂಡೆಗೆ ಗೋಡೆ ಕಟ್ಟಬಾರದು, ಇಳಿಜಾರಾಗಿ, ಕೆಸರಾಗಿ ಬಿಡಬೇಕು.

“ಕೆಸರು ಬಿಡಾಕ ಯೋಜನೆ ಯಾಕ್ರಿ ಬೇಕು? ಕೆಸರು ಈಗೂ ಐತಿ,” ಎಂದರು ಸಾವಕಾರರು.

ಮಾತಿನಿಂದ ಆಗದ್ದು ಕಣ್ಣಿನಿಂದ ಆಗುತ್ತದೆ. ನಾನು ಮರುವಾರವೇ ಎಲ್ಲರನ್ನೂ ಒಂದು ಟೆಂಪೊದಲ್ಲಿ ಕೂರಿಸಿ ಮಾಗಡಿಗೆ ಹೊರಡಿಸಿದೆ. ಆಪಾನನ್ನೂ ಕರೆದೆ. ಅವಳು ಸಮಿತಿಯಲ್ಲಿ ಇರಲಿಲ್ಲ, ನನ್ನ ಪಕ್ಕದಲ್ಲಿ ಇದ್ದಳು. ದಾರಿಯುದ್ದಕ್ಕೂ ಎರೆಹೊಲ, ಕಡಲೆ, ಕುಸುಬಿ. ಲಕ್ಷ್ಮೇಶ್ವರದ ಫಲಕ ಕಂಡಾಗ ಅವಳು ಎಂದಿನಂತೆ ತವರಿನ ಹೊಗಳಿಕೆ ಶುರುಮಾಡಿದಳು. ಗುರೆಳ್ಳು ಚಟ್ನಿಯ ರೊಟ್ಟಿ ಬಾಯಿಗೆ ಇಟ್ಟು ನಿಲ್ಲಿಸಬೇಕಾಯಿತು.

ಮಾಗಡಿ ಕೆರೆಯಲ್ಲಿ ಕಾರಂಜಿಯಿಲ್ಲ, ದೋಣಿಯಿಲ್ಲ. ಬಯಲಾದ ನೀರು, ಕೆಸರಿನ ದಂಡೆ. ಆ ಕೆಸರಿನ ಮೇಲೆ ನಮ್ಮ ತಲೆಯ ಮೇಲಿಂದ ಹಾದುಹೋಗುವ ಆ ಹೆಬ್ಬಾತುಗಳು, ಒಣಗಲು ಅಂಗಳದಲ್ಲಿ ಹರಡಿದ ಕಾಳಿನಂತೆ, ಎಲ್ಲಿ ನೋಡಿದರಲ್ಲಿ. ಕೆಲವು ಮೇಯುತ್ತಿದ್ದವು, ಕೆಲವು ಒಂದೇ ಕಾಲಿನ ಮೇಲೆ ನಿದ್ದೆ ಮಾಡುತ್ತಿದ್ದವು. ಆಕಾಶದಲ್ಲಿ ಅಷ್ಟು ಶಿಸ್ತಿನವು ನೆಲಕ್ಕೆ ಇಳಿದ ಮೇಲೆ ಸೂಟಿ ಬಿಟ್ಟ ಶಾಲೆಯಂತೆ ಗಲಾಟೆ.

“ಗೋಡಿ ಕಟ್ಟಿದ್ರ ಇವು ಎಲ್ಲಿ ಕಾಲು ಇಡಬೇಕ್ರಿ?” ಎಂದಳು ಕೆರೆ ಡಾಕ್ಟರ್, ಮೆಲ್ಲಗೆ.

ಸಾವಕಾರರು ಬಹಳ ಹೊತ್ತು ನೋಡಿದರು. “ಬಾತುಕೋಳಿ ಆಕಾರದ ದೋಣಿ ಬ್ಯಾಡ ಬಿಡ್ರಿ,” ಎಂದರು ಕಡೆಗೆ. “ಖರೆ ಬಾತುಕೋಳಿ ನಗ್ತಾವು.”

ಹಿಂದಿರುಗುವಾಗ ಟೆಂಪೊದಲ್ಲಿ ಎಲ್ಲರೂ ಒಂದೇ ಮನಸ್ಸಾಗಿದ್ದೆವು. ನಮ್ಮ ಕೆರೆಗೂ ಇಂಥ ದಂಡೆ ಬರಬೇಕು. ಆಪಾ ನನ್ನ ಕೈ ಹಿಡಿದುಕೊಂಡೇ ಕುಳಿತಿದ್ದಳು. ತನಗೇ ಏನೋ ಉಡುಗೊರೆ ಸಿಕ್ಕಂತೆ.

ಮುಂದಿನ ಸಭೆಯಲ್ಲಿ ಕೆರೆ ಡಾಕ್ಟರ್ ನಕ್ಷೆ ಹಾಸಿದಳು. ಗಟಾರ ಬೀಳುವ ಮೂಲೆಯಲ್ಲಿ ಹಸಿರು ಗೆರೆಗಳು, ಅದು ಜೊಂಡಿನ ಜಾಗ. ಅಲ್ಲಿ ಮನುಷ್ಯರು ಇಳಿಯುವಂತಿಲ್ಲ. ಬಟ್ಟೆಯಿಲ್ಲ, ದನವಿಲ್ಲ, ನೂಲಿಲ್ಲ. ನಾನು ಕನ್ನಡಕ ಸರಿಮಾಡಿಕೊಂಡು ನೋಡಿದೆ. ಹಸಿರು ಗೆರೆಗಳ ನಟ್ಟನಡುವೆ ಆಪಾನ ಕಲ್ಲು.

ನಾನು ಬಾಯಿ ತೆರೆಯುವ ಮೊದಲೇ ಸಭೆ ಇನ್ನೂ ಮುಂದೆ ಹೋಗಿತ್ತು.

“ಕೆರಿ ಕೆಡಿಸಿದ್ದ ಆ ಬಣ್ಣದ ಮನಿ. ದಿನಾ ಕಣ್ಣಿಗೆ ಕಾಣ್ತೈತಿ. ಮೊದಲು ಅದನ್ನ ಬಂದ್ ಮಾಡಿಸ್ರಿ.”

“ಹೌದ್ರಿ. ಒಂದ ಮನಿ ಸಲುವಾಗಿ ಊರೆಲ್ಲ ನಾರಬೇಕೇನು?”

ಆಪಾ ಅಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದಳು. ಎಲ್ಲರೂ ಅವಳ ಮನೆಯ ನೂಲಿನ ಸೀರೆ ನೇಯ್ದವರು, ಉಟ್ಟವರು. ಯಾರೂ ಹಿಂದೆ ತಿರುಗಿ ನೋಡಲಿಲ್ಲ. ಅವಳು ಎದ್ದಳು, ಸೆರಗು ಸರಿಮಾಡಿಕೊಂಡಳು, ಎಂದಿನ ದನಿಯಲ್ಲೇ ಹೇಳಿದಳು:

“ನಳದ ನೀರು ವಾರಕ್ಕೊಮ್ಮಿ ಬಂದ್ರ ಪುಣ್ಯ. ಲಡಿ ತೊಳಿಯಾಕ ಕೆರಿ ಬಿಟ್ರ ನಮಗ ನೀರಿಲ್ಲ. ಆ ಕಲ್ಲು ಹೋತಂದ್ರ ನಮ್ಮ ಒಲಿ ಆರಿತು. ಅಷ್ಟ ತಿಳದಿರಲಿ. ಕೆರಿ ಸುಧಾರಿಸಬ್ಯಾಡ್ರಿ ಅಂತ ನಾ ಅನ್ನಂಗಿಲ್ಲ. ಮಾಗಡಿ ನಾನೂ ನೋಡೇನಿ.”

ಹೇಳಿ ಹೊರಟುಹೋದಳು. ಗದ್ದಲವೆದ್ದಿತು. ನಾನು ಶೀಟಿ ಹೊಡೆದೆ. ಸದಸ್ಯ ಸೇರಿ ನಾಲ್ಕೈದು ಜನ ರೂಢಿಯಂತೆ ಎದ್ದು ನಿಂತರು. ಮುಂದಿನ ಸಭೆಯವರೆಗೆ ಯಾವ ತೀರ್ಮಾನವೂ ಇಲ್ಲ ಎಂದು ಹೇಳಿ ಮುಗಿಸಿದೆ.

ಮರುದಿನ ಬೆಳಿಗ್ಗೆ ಕಲ್ಲಿನ ಮೇಲೆ ಆಪಾ ಇರಲಿಲ್ಲ. ಅದರ ಮರುದಿನವೂ ಇರಲಿಲ್ಲ. ಗಟಾರದಲ್ಲಿ ಬಣ್ಣವೂ ಇಲ್ಲ. ಓಣಿಯ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು, “ಅಕ್ಕೋರ, ಇವತ್ತು ಯಾವ ವಾರ್ರಿ?” ಎಂದು ಕೇಳಿದಳು. ಹಾಸ್ಯಕ್ಕಲ್ಲ, ನಿಜಕ್ಕೂ ಕೇಳಿದಳು.

ನಾನು ಕೆರೆ ಡಾಕ್ಟರಳ ಜೊತೆ ಗಟಾರ ಹಿಡಿದು ಮೇಲಕ್ಕೆ ನಡೆದೆ. ಅವಳು ಮನೆ ಮನೆಯ ಪೈಪುಗಳನ್ನು ನೋಡುತ್ತ, ಗಾಜಿನ ಭರಣಿಗಳಲ್ಲಿ ನೀರು ಹಿಡಿಯುತ್ತ ಬಂದಳು. ಬಣ್ಣದ ಮನೆಯಲ್ಲಿ ಒಲೆ ಹೊತ್ತದ ಆ ದಿನಗಳಲ್ಲೂ ಗಟಾರ ಹಾಗೇ ತುಂಬಿ ಹರಿಯುತ್ತಿತ್ತು, ಬೂದು ಬಣ್ಣದಲ್ಲಿ, ಯಾರ ಕಣ್ಣಿಗೂ ಬೀಳದಂತೆ. ದಪ್ಪ ಪೈಪೊಂದು ಸದಸ್ಯನ ಮನೆಯ ಗೋಡೆಯಿಂದಲೇ ಹೊರಬಂದಿತ್ತು. ಪುಣ್ಯಕ್ಕೆ ಅವನೂ ಜೊತೆಗಿದ್ದ.

“ಇದು ಯಾರದಪಾ?” ಎಂದೆ.

“ಅಕ್ಕೋರ, ಅದು… ಮೊದಲಿನಿಂದ್ಲೂ ಹಂಗ ಐತ್ರಿ.”

“ನಮ್ಮ ಮನೀದೂ ಹಂಗ ಐತಿ. ಅದ ಮುಂದಿನ ಗೋಡಿಯಾಗ. ತಲಿ ಎತ್ತು, ನಾಚಬ್ಯಾಡ.”

ಭರಣಿಗಳನ್ನು ಸಮುದಾಯ ಭವನದ ಕಿಟಕಿಯಲ್ಲಿ ಸಾಲಾಗಿ ಇಟ್ಟೆವು. ಜೊತೆಗೆ ಹಂಡೆಯ ತಳದಲ್ಲಿ ಉಳಿದಿದ್ದ ಕೆಂಪು ನೀರಿನದೊಂದು. ಕೆಲವೇ ದಿನಗಳಲ್ಲಿ ಬೂದು ಭರಣಿಯ ಮುಚ್ಚಳ ತೆಗೆಯಲಾರದಷ್ಟು ನಾತ. ಕೆಂಪು ಭರಣಿ ನಾರಲಿಲ್ಲ, ಆದರೆ ಕೆಂಪು ಕೆಂಪಾಗಿಯೇ ಉಳಿಯಿತು. ಕೆರೆ ಡಾಕ್ಟರ್ ಯಾರ ಪರವಾಗಿಯೂ ಮಾತಾಡಲಿಲ್ಲ. ಎರಡೂ ಕೆರೆಗೆ ಹೋಗುವಂತಿಲ್ಲ ಎಂದಳು. ಬಣ್ಣ ಬೆಳಕನ್ನು ತಡೆಯುತ್ತದೆ, ಅದರೊಳಗಿನ ಉಪ್ಪು ಜೊಂಡನ್ನು ಸುಡುತ್ತದೆ. ಮೀನು ಸಾಯುವುದು ಬೂದು ನೀರಿನಿಂದ. ಒಂದು ಒಬ್ಬರ ಮನೆಯದು, ಇನ್ನೊಂದು ನಮ್ಮೆಲ್ಲರದು. ಪೈಪಿಗೆ ತಿರುಗಿಸಲು ಬೂದು ನೀರಿಗೆ ದಾರಿಯಿದೆ. ಬಣ್ಣದ ನೀರನ್ನು ಆ ಪೈಪಿಗೂ ಬಿಡುವಂತಿಲ್ಲ.

ಅಂದರೆ ಆಪಾನ ಪ್ರಶ್ನೆ ಹಾಗೇ ಉಳಿಯಿತು. ಕೆರೆಯನ್ನು ಮುಟ್ಟದೆ, ಸಂಗ್ರಹಿಸಿಟ್ಟ ಸ್ವಲ್ಪ ನೀರಿನಲ್ಲಿ ಲಡಿ ತೊಳೆಯುವುದು ಹೇಗೆ?

ಆ ಸಂಜೆ ಅವಳ ಮನೆಗೆ ಹೋದೆ. ಹಿತ್ತಲಲ್ಲಿ ಹಂಡೆಗಳು ಬೋರಲಾಗಿದ್ದವು. ಅವಳ ಗಂಡ ಗೋಡೆಗೆ ಒರಗಿ ಕುಳಿತು ಬೆರಳುಗಳನ್ನು ನೋಡಿಕೊಳ್ಳುತ್ತಿದ್ದರು. ಆ ಬೆರಳುಗಳಿಂದ ಬಣ್ಣ ಹೋದದ್ದನ್ನು ನಾನು ನೋಡಿರಲಿಲ್ಲ, ಅಂದು ಉಗುರಿನ ಬುಡ ಬೆಳ್ಳಗಾಗತೊಡಗಿತ್ತು.

ಆಪಾ ಚಹಾ ತಂದಳು. ಚಹಾ ಕುಡಿದು ಕಪ್‌ಬಸಿಗಳನ್ನು ನಾನೇ ತೊಳೆಯಲು ಎದ್ದೆ. ಕೈ ತಾನಾಗಿ ಅಲ್ಲಿದ್ದ ಮೂರು ಬೋಗುಣಿ ಸಾಲಾಗಿ ಇಟ್ಟಿತು. ನಮ್ಮ ಶಾಲೆಯ ಶಿಬಿರಗಳಲ್ಲಿ ಹಾಗೇ. ನೀರು ಕಡಿಮೆ, ಮಕ್ಕಳು ಬಹಳ. ಮೊದಲ ತೊಟ್ಟಿಯಲ್ಲಿ ಎಂಜಲು ಹೋಗಬೇಕು, ಎರಡನೆಯದರಲ್ಲಿ ಜಿಡ್ಡು, ಮೂರನೆಯದರಲ್ಲಿ ಬರಿ ಅದ್ದಿ ತೆಗೆಯುವುದು. ಮೊದಲನೆಯದು ಕೆಟ್ಟಾಗ ಚೆಲ್ಲಿ, ಎರಡನೆಯದರ ನೀರು ಅದಕ್ಕೆ ಹಾಕಬೇಕು, ಮೂರನೆಯದರ ನೀರು ಎರಡನೆಯದಕ್ಕೆ. ಹೊಸ ನೀರು ಮೂರನೆಯದಕ್ಕೆ ಮಾತ್ರ. ತಟ್ಟೆ ಮುಂದಕ್ಕೆ ಹೋಗುತ್ತದೆ, ನೀರು ಹಿಂದಕ್ಕೆ ಬರುತ್ತದೆ. ಇದನ್ನು ತಪ್ಪಿಸಿದ ಮಗುವಿಗೆ ಮೈದಾನದ ಒಂದು ಸುತ್ತು ಓಟ.

ಆಪಾ ನನ್ನ ಕೈಗಳನ್ನೇ ನೋಡುತ್ತ ನಿಂತಿದ್ದಳು.

“ಮೂರು ಬಾನಿ,” ಎಂದಳು.

“ಏನು?”

“ಲಡಿಗೂ ಮೂರು ಬಾನಿ. ಮತ್ತ ದಿನಾ ನೀರು ಬದಲು ಮಾಡೂದ್ಯಾಕ? ಹಳದಿ ತೊಳದ ನೀರಾಗ ಕೇಸರಿದು ಮೊದಲ ಕೈ ತೊಳಿಯಾಕ ಬರ್ತೈತಿ. ಕೇಸರಿ ನೀರು ಕೆಂಪಿಗೆ. ಕಪ್ಪಿಗೆ ಎಂಥಾ ನೀರಾದ್ರೇನು!”

ಅವಳ ಗಂಡ ತಲೆ ಎತ್ತಿದರು. “ವಾರದ ಕಡೀಗೆ ಚೆಲ್ಲೂದು ಒಂದ ಬಾನಿ ಆತು.”

“ಅದನ್ನ ಬಿಸಲಾಗ ಒಣಸೂಣು,” ಎಂದೆ. “ಗದಗಿನ ಬಿಸಲಿಗೆ ಏನು ಬರ ಐತೇನ್ರಿ?”

ಮರುದಿನ ಕೆರೆ ಡಾಕ್ಟರ್ ಬಂದು ಹಿತ್ತಲು ನೋಡಿದಳು. ಆಳವಿಲ್ಲದ ಮಡಿಗಳನ್ನು ಮಾಡಿ, ದಪ್ಪ ಪ್ಲಾಸ್ಟಿಕ್ ಹಾಸಿ, ಕಡೆಯ ನೀರನ್ನು ಅದರಲ್ಲಿ ಒಣಗಿಸಬಹುದು, ಉಳಿದ ಗಸಿಯನ್ನು ಚೀಲಕ್ಕೆ ತುಂಬಿ ಬೇರೆಯಾಗಿ ಸಾಗಿಸಬೇಕು, ಮಳೆಗಾಲದಲ್ಲಿ ಮೇಲೆ ತಗಡು ಬೇಕು ಎಂದಳು. ಆದರೆ ಒಂದು ಮಾತು ಕಟ್ಟುನಿಟ್ಟಾಗಿ ಹೇಳಿದಳು. ನೇಕಾರರು ಒಪ್ಪುವಷ್ಟು ಲಡಿ ಸ್ವಚ್ಛವಾಗಬೇಕು. ಇಲ್ಲವಾದರೆ ಇವರು ಮತ್ತೆ ಕೆರೆಗೆ ಇಳಿಯುತ್ತಾರೆ, ಅಥವಾ ಒಲೆ ಆರಿಸುತ್ತಾರೆ. ಎರಡೂ ಆಗದಿದ್ದರೆ ಮಾತ್ರ ಬಣ್ಣದ ಮನೆಯನ್ನು ನಕ್ಷೆಯಲ್ಲಿ ಉಳಿಸಿ ಬರೆಯುತ್ತೇನೆ ಎಂದಳು.

ಪರೀಕ್ಷೆಗೆ ಕೆಂಪನ್ನೇ ಆರಿಸಿದರು. ಕೆಂಪಿನಷ್ಟು ಬಣ್ಣ ಬಿಡುವುದು ಬೇರೊಂದಿಲ್ಲ. ಸಮಿತಿಯೆಲ್ಲ ಹಿತ್ತಲಲ್ಲಿ ನೆರೆಯಿತು, ಇಬ್ಬರು ನೇಕಾರರೂ ಬಂದರು. ನಾನು ಮೂರು ಬಾನಿಗಳ ಮುಂದೆ ಮೂವರನ್ನು ನಿಲ್ಲಿಸಿ ಶೀಟಿ ಬಾಯಿಗಿಟ್ಟೆ. ಒಂದು ಶೀಟಿಗೆ ಮೊದಲ ಬಾನಿ, ಎರಡಕ್ಕೆ ಎರಡನೆಯದು, ಮೂರಕ್ಕೆ ಮೂರನೆಯದು. ಲಡಿಗಳು ಕವಾಯತಿನಂತೆ ಸಾಗಿದವು. ನೋಡಲು ಬಹಳ ಚೆನ್ನಾಗಿತ್ತು.

ಕಡೆಯ ಲಡಿ ಹಿಂಡಿ ಆಪಾ ಸುತ್ತ ನೋಡಿದಳು. ಬಣ್ಣ ಬಿಡುವುದನ್ನು ನೋಡಲು ಬಿಳಿ ಬಟ್ಟೆ ಬೇಕು. ಬಣ್ಣದ ಮನೆಯಲ್ಲಿ ಬಿಳಿ ಬಟ್ಟೆ ಎಲ್ಲಿಂದ ಬರಬೇಕು?

“ಅಕ್ಕೋರ, ಸೆರಗು ತಾ.”

ಆ ಸೀರೆಗಳಿಗೆ ನಾನು ಇಡೀ ನೌಕರಿಯಲ್ಲಿ ಒಂದು ಮಸಿಯ ಚುಕ್ಕಿ ತಾಗಿಸಿಕೊಂಡವಳಲ್ಲ. ಸೆರಗು ಕೊಟ್ಟೆ. ಅವಳು ಒದ್ದೆ ಲಡಿಯನ್ನು ಅದರಲ್ಲಿ ಸುತ್ತಿ ಒತ್ತಿ ಬಿಚ್ಚಿದಳು. ಅಂಗೈಯಗಲದ ಗುಲಾಬಿ ಕಲೆ.

ನೇಕಾರರಲ್ಲಿ ಹಿರಿಯ, “ಹಿಂಗಾದ್ರ ಅಂಚಿನ ಬಣ್ಣ ಮೈಗೆ ಹತ್ತತೈತ್ರಿ, ಯಾರು ತೊಗೋತಾರ?” ಎಂದ. ಆಪಾನ ಗಂಡ ಒಳಗೆ ಹೋದರು. ನಾನು ಸೆರಗು ನೋಡಲಿಲ್ಲ, ಆಪಾನ ಮುಖ ನೋಡಿದೆ. ಅವಳು ಸಿಟ್ಟಿನಿಂದ ನನ್ನ ಶೀಟಿಯನ್ನೇ ನೋಡುತ್ತಿದ್ದಳು.

“ಆ ಶೀಟಿ ಇತ್ಲಾಗ ತಾ.”

“ಯಾಕ?”

“ನೂಲು ಏನು ನಿನ್ನ ಸಾಲಿ ಹುಡುಗ ಅಂತ ತಿಳಕೊಂಡಿ? ಶೀಟಿ ಹೊಡದ ಕೂಡ್ಲೇ ಓಡಾಕ? ಕೆರ್ಯಾಗ ನಾ ಲಡಿ ಅಲುಬಿ, ಹಂಗ ನೀರಾಗ ಬಿಟ್ಟು, ನಿನ್ನ ಕೂಡ ಮಾತಾಡ್ತಿದ್ನಿಲ್ಲ? ಯಾಕಂತ ತಿಳಿದಿದ್ದಿ? ಬರೇ ನಿನ್ನ ಮೋತಿ ನೋಡಾಕೇನು? ಅದು ನೆನಿಬೇಕು. ತನ್ನ ಹೊತ್ತಿಗೆ ತಾ ಬಣ್ಣ ಬಿಡತೈತಿ.”

ಶೀಟಿ ಕೊರಳಿಂದ ತೆಗೆದು ಕೊಟ್ಟೆ. ಅವಳು ಅದನ್ನು ಹಂಡೆಯ ಹಿಂದಿನ ಗೂಡಿನಲ್ಲಿಟ್ಟಳು. ನೇಕಾರರನ್ನು ಕೂರಿಸಿದಳು. ಹೊಸ ಲಡಿ ಮೊದಲ ಬಾನಿಗೆ ಇಳಿಸಿ ಅಲುಬಿ ಬಿಟ್ಟಳು. ನನ್ನ ಕಡೆ ತಿರುಗಿ, “ಹೂಂ, ಹೇಳು. ನಿಮ್ಮವರ ಮೊಣಕಾಲು ಹ್ಯಾಂಗೈತಿ?” ಎಂದಳು.

ಇಡೀ ಸಮಿತಿ ನಿಂತು ಕೇಳುತ್ತಿರುವಾಗ ನಾನು ನಮ್ಮವರ ಮೊಣಕಾಲಿನ ಸುದ್ದಿ ಹೇಳಿದೆ. ಆಮೇಲೆ ಅವಳ ಮಗಳ ಸುದ್ದಿ ಬಂತು. ಲಡಿ ಎರಡನೆಯ ಬಾನಿಗೆ ಹೋಯಿತು. ಸಾವಕಾರರು ತಮ್ಮ ಸಕ್ಕರೆ ಕಾಯಿಲೆಯ ಸುದ್ದಿ ಸೇರಿಸಿದರು. ಆಪಾ ಆಗಾಗ ಲಡಿ ಎತ್ತಿ ಮೂಸಿ, ಹಿಂಡಿ, ಮತ್ತೆ ಬಿಡುತ್ತಿದ್ದಳು. ಮೂರನೆಯ ಬಾನಿಯಲ್ಲಿ ನೀರು ತಿಳಿಯಾಗಿಯೇ ಇತ್ತು, ತಳದಲ್ಲಿ ಅವಳ ಬಳೆಗಳ ನೆರಳು ಕಾಣುತ್ತಿತ್ತು.

“ಇನ್ನೊಂದು ಕಡೆ ಸೆರಗು ತಾ,” ಎಂದಳು.

ಸುತ್ತಿದಳು. ಒತ್ತಿದಳು. ಬಿಚ್ಚಿದಳು.

ಬಿಳಿ ಬಿಳಿಯಾಗಿಯೇ ಇತ್ತು. ನೀರಿನ ಒದ್ದೆ ಬಿಟ್ಟರೆ ಏನೂ ಇಲ್ಲ. ಹಿರಿಯ ನೇಕಾರ ಸೆರಗನ್ನು ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡಿ, “ಆತು ತೊಗೋರಿ, ಒಲಿ ಹಚ್ಚರಿ,” ಎಂದ. ಸದಸ್ಯ ಶಾಲೆಯ ಹುಡುಗನಂತೆ ಚಪ್ಪಾಳೆ ಹೊಡೆದ. ಕೆರೆ ಡಾಕ್ಟರ್ ಅಲ್ಲೇ ತಲೆಕೆಳಗಾದ ಹಂಡೆಯ ಮೇಲೆ ನಕ್ಷೆ ಹಾಸಿ, ಬಣ್ಣದ ಮನೆಯ ಹಿತ್ತಲಲ್ಲಿ ಮೂರು ಚೌಕ ಬರೆದಳು. ಅದರ ಪಕ್ಕದಲ್ಲಿ ಉದ್ದನೆಯ ಮಡಿಗಳು. ಕಲ್ಲಿನ ಜಾಗದಲ್ಲಿ ಹಸಿರು ಗೆರೆ ಹಾಗೇ ಇತ್ತು. ಆಪಾ ಅದನ್ನು ನೋಡಿದಳು, ನಾನೂ ನೋಡಿದೆ. ಜೊಂಡಿಗೆ ಆ ಜಾಗ ಬೇಕು. ಒಲೆ ಉಳಿಯಿತು, ಕಲ್ಲು ಹೋಯಿತು. ನಮ್ಮ ಬೆಳಗುಗಳೂ ಅದರ ಜೊತೆ ಹೋದವು ಎಂದು ಅಂದುಕೊಂಡೆ.

ನಾನು ಕೊಟ್ಟ ಶೀಟಿ ಎರಡು ದಿನ ಆ ಗೂಡಿನಲ್ಲೇ ಇತ್ತು. ಹೋಗಿ ಕೇಳಲು ನನಗೆ ಬಿಗುಮಾನ. ಮೂರನೆಯ ದಿನ ಅವಳೇ ತಂದುಕೊಟ್ಟಳು, ಬೂದಿ ಹಾಕಿ ತಿಕ್ಕಿ ಥಳಥಳ ಮಾಡಿ.

ಆ ಮೇಲಿನ ಕೆಲಸ ನಿಧಾನ. ಮನೆ ಮನೆಯ ಪೈಪು ತಿರುಗಿಸುವ ಕೆಲಸ ಸದಸ್ಯನ ಮನೆಯಿಂದಲೇ ಶುರುವಾಯಿತು. ನಾನು ಎದುರಿಗೆ ನಿಂತಿದ್ದೆ. ಎರಡನೆಯದು ನಮ್ಮ ಮನೆಯದು. ಇನ್ನೂ ಎಲ್ಲ ಮುಗಿದಿಲ್ಲ. ಅಂತರಗಂಗೆ ತೆಗೆದಷ್ಟೂ ಮತ್ತೆ ಬರುತ್ತದೆ. ಬೇಸಿಗೆಯಲ್ಲಿ ಈಗಲೂ ಸಾವಕಾರರು ಅಂಗಡಿಯಲ್ಲಿ ಊದುಬತ್ತಿ ಹಚ್ಚಿಯೇ ಕೂರುತ್ತಾರೆ. ಆದರೆ ಮೂಲೆಯಲ್ಲಿ ನೆಟ್ಟ ಜೊಂಡು ಸೊಂಟದೆತ್ತರ ಬಂದಿದೆ. ಅದರ ಬುಡದಲ್ಲಿ ಕಪ್ಪೆ ಕೂಗುವುದನ್ನು ಕೇಳಿದವರು ಮೊದಲು ಪಂಪಿನ ಸದ್ದೆಂದು ತಿಳಿದರು.

ಜೊಂಡು ನೆಡುವ ಮುನ್ನಾದಿನ ಕಲ್ಲು ತೆಗೆಯಬೇಕಾಗಿತ್ತು. ಒಡೆದು ಎತ್ತೋಣ ಎಂದರು ಕೆಲವರು. ಸದಸ್ಯ ನನ್ನ ಮುಖ ನೋಡಿದ, ಸಾವಕಾರರ ಮುಖ ನೋಡಿದ, ಇಡಿಯಾಗೇ ಎತ್ತೋಣ ಎಂದು ಪ್ಯಾಂಟು ಮಡಚಿದ. ಊರಿನ ನೇಕಾರರು, ಸಮಿತಿಯವರು ಸೇರಿ ಹಗ್ಗ ಹಾಕಿದರು. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಜಾರುತ್ತಿತ್ತು. “ಅಕ್ಕೋರ, ಶೀಟಿ ಹೊಡೀರಿ!” ಎಂದರು. ಈ ಕೆಲಸಕ್ಕೆ ಶೀಟಿಯೇ ಬೇಕು. ಹೊಡೆದೆ. ಎಲ್ಲರೂ ಒಮ್ಮೆಗೇ ಎಳೆದರು. ಕಲ್ಲು ಕೆಸರಿನಿಂದ ಬಾಯಿ ಚಪ್ಪರಿಸಿದಂತೆ ಸದ್ದು ಮಾಡಿ ಹೊರಬಂತು. ಅದರ ಕೆಳಭಾಗದಲ್ಲಿ ಎಷ್ಟೋ ವರ್ಷಗಳ ಬಣ್ಣ ಪದರ ಪದರವಾಗಿ ಕೂತಿತ್ತು.

ಈಗ ಅದು ಆಪಾನ ಹಿತ್ತಲಲ್ಲಿ, ಮೂರನೆಯ ಬಾನಿಯ ಮುಂದಿದೆ. ಅವಳು ಅದರ ಮೇಲೆ ನಿಂತೇ ಲಡಿ ತೊಳೆಯುತ್ತಾಳೆ. ನೆಲದ ಮೇಲೆ ನಿಂತರೆ ಬೆನ್ನು ನೋಯುತ್ತದಂತೆ.

ನನ್ನ ದಾರಿ ಬದಲಾಯಿತು. ಜೊಂಡಿನ ಮೂಲೆಗೆ ಈಗ ಬೇಲಿಯಿದೆ, ಸುತ್ತು ಪೂರ್ತಿ ಹಾಕಲು ಬರುವುದಿಲ್ಲ. ಅರ್ಧ ಏರಿ ನಡೆದು, ಬಣ್ಣದ ಮನೆಯ ಹಿಂಬಾಗಿಲಿನಿಂದ ಒಳಗೆ ಹೋಗುತ್ತೇನೆ. ಲಡಿ ನೆನೆಯುವಷ್ಟು ಹೊತ್ತು ಕೂರುತ್ತೇನೆ. ಹಳದಿಯಾದರೆ ಬೇಗ ಎದ್ದು ಬರುತ್ತೇನೆ, ಕೆಂಪಾದರೆ ತಡ. ನಮ್ಮ ಮನೆಯವರು ಗಡಿಯಾರಕ್ಕೆ ಮತ್ತೆ ಕೀಲಿ ಕೊಡತೊಡಗಿದ್ದಾರೆ.

ಈ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಲಡಿ ಮೂರನೆಯ ಬಾನಿಯಲ್ಲಿತ್ತು. ಆಪಾ ಮೇಲೆ ನೋಡಿದಳು.

“ಅಕ್ಕೋರ, ನಿನ್ನ ಹುಡುಗ್ರು.”

ಹೆಬ್ಬಾತುಗಳ ಸಾಲು ಉದ್ದಕ್ಕೆ ಬಂತು, ಮಾಗಡಿಯ ಕಡೆಗೆ ಮುಖ ಮಾಡಿ. ಕಡೆಯದೊಂದು ಹಕ್ಕಿ ಸಾಲು ಬಿಟ್ಟು ಕೆಳಗಿಳಿದು, ನಮ್ಮ ಕೆರೆಯ ಮೇಲೆ ಒಂದು ಅರ್ಧ ಸುತ್ತು ಹೊಡೆಯಿತು. ಕತ್ತು ಬಗ್ಗಿಸಿ ನೋಡುವಂತೆ ಕಂಡಿತು. ಇಳಿಯಲಿಲ್ಲ. ಮತ್ತೆ ಮೇಲೇರಿ ಸಾಲು ಸೇರಲು ರೆಕ್ಕೆ ಬಡಿಯಿತು.

“ಅಂವ ಸಾಲು ಬಿಟ್ಟಿದ್ದ. ನೀ ಶೀಟಿ ಹೊಡಿಲಿಲ್ಲ,” ಎಂದಳು ಆಪಾ.

“ನೋಡಾಕ ಬಂದಿದ್ದ. ನೋಡ್ಲಿ ಬಿಡು.”

ಅವಳು ಲಡಿ ಎತ್ತಿ ಹಿಂಡಿದಳು. ಕೈ ಚಾಚಿದಳು, ಕೇಳಲಿಲ್ಲ. ನಾನು ಸೆರಗಿನ ಬಿಳಿ ಅಂಚನ್ನು ಅವಳ ಕೈಗೆ ಕೊಟ್ಟೆ.